ಗೂಡಿನ ಚಿಕ್ಕಸ್ವಾಮಿ ಮತ್ತು ತಿಮ್ಮರಾಜುವಿನ ವಿಚಾರಣೆ

ತಿಮ್ಮರಾಜುವಿಗೆ ಕೆಲಸ ಕೊಡಿಸಿದ್ದು ಒಂದೇ ಒಂದು ಪದ. ಬಿ.ಕಾಂ. ಪದವಿಯನ್ನು ಇಂಗ್ಲಿಷಿನ ಜೊತೆ ಎರಡು ಸಲ ಗುದ್ದಾಡಿ ಪಡೆದು, ಮೈಸೂರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ. ಆ ಆರು ತಿಂಗಳಲ್ಲಿ ಕಂಪ್ಯೂಟರಿನ ಮೇಲೆ ಕೈಯಾಡಿಸಿದ್ದಕ್ಕಿಂತ, ಹೋದ ಕರೆಂಟು ಬರಲಿ ಎಂದು ಅದರ ಮುಂದೆ ಕೈಕಟ್ಟಿ ಕೂತದ್ದೇ ಹೆಚ್ಚು. ಆದರೂ ಶ್ರೀರಂಗಪಟ್ಟಣದಲ್ಲಿ ಮಂಜುಳಾ ಮೋಟಾರ್ ಸರ್ವೀಸಿನ ಮಾಲೀಕರಾದ ನಿಂಗೇಗೌಡರು, "ಕಂಪ್ಯೂಟ್ರು ಕೊಟ್ರೆ ಮೊದ್ಲು ಏನ್ಲಾ ಮಾಡೀಯೆ?" ಎಂದು ಕೇಳಿದಾಗ ಬಾಯಿಗೆ ಬಂದ ಉತ್ತರ ಮಾತ್ರ ಭರ್ಜರಿಯಾಗಿತ್ತು.

"ಅನಾಲಿಸಿಸ್ ಮಾಡ್ತೀನಿ ಸಾರ್."

ಗೌಡರು ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. ಆ ಪದದ ಅರ್ಥ ಗೊತ್ತಿದ್ದಿದ್ದರೆ ಆಗಲೇ ಎಬ್ಬಿಸಿ ಕಳಿಸುತ್ತಿದ್ದರೋ ಏನೋ. ಗೊತ್ತಿಲ್ಲದ್ದರಿಂದ ಕಾಫಿ ತರಿಸಿದರು.

ಅದು ತೊಂಬತ್ತೇಳನೇ ಇಸವಿ. ಗೌಡರ ಬಸ್ಸುಗಳು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲೂಕಿನಲ್ಲಿ ಓಡಾಡಿಕೊಂಡಿದ್ದವು. ಯಾರೋ ಮೈಸೂರಿನ ನೆಂಟರು ಹುರಿದುಂಬಿಸಿದ್ದಕ್ಕೆ ಗೌಡರು ಒಂದು ಕಂಪ್ಯೂಟರ್ ಕೊಂಡಿದ್ದರು. ಅದು ಡಬ್ಬ ಬಿಚ್ಚದೆ ಆಫೀಸಿನ ಮೂಲೆಯಲ್ಲಿ ಕೂತಿತ್ತು. ಆಯುಧಪೂಜೆಯಲ್ಲಿ ಬಸ್ಸುಗಳ ಜೊತೆ ಅದಕ್ಕೂ ಕುಂಕುಮವಿಟ್ಟು, ಮುಂದೆ ಒಂದು ಬೂದುಗುಂಬಳ ಒಡೆದಿದ್ದರು.

"ಹಳೇ ಪದ್ಧತಿ ಬದಲಾಯ್ಸೋದ್ರಲ್ಲಿ ಮೂರು ತರ ಐತೆ ಸಾರ್," ಎಂದು ತಿಮ್ಮರಾಜು ಕಾಫಿಯ ಹುಮ್ಮಸ್ಸಿನಲ್ಲಿ ಪಾಠ ಒಪ್ಪಿಸಿದ. "ಇರೋದನ್ನ ಇದ್ದಂಗೇ ಕಂಪ್ಯೂಟರಿಗೆ ಹಾಕೋದು ಒಂದು. ಅಲ್ಲಲ್ಲಿ ತೊಂದ್ರೆ ಇರೋದನ್ನ ತಿದ್ದಿ ಹಾಕೋದು ಇನ್ನೊಂದು. ಹಳೇದೆಲ್ಲ ಕಿತ್ತಾಕಿ, ನಮಗೆ ನಿಜವಾಗ್ಲೂ ಏನು ಬೇಕು ಅಂತ ಮೊದಲಿಂದ ಯೋಚ್ನೆ ಮಾಡಿ ಕಟ್ಟೋದು ಮೂರ್ನೇದು."

"ಅಂದ್ರೆ, ಹಳೇ ಬಸ್ಸಿಗೆ ಪೇಂಟ್ ಒಡ್ಸೋದು, ಇಂಜಿನ್ ಇಳ್ಸಿ ರಿಪೇರಿ ಮಾಡ್ಸೋದು, ಇಲ್ಲಾ ಗುಜರಿಗಾಕಿ ಹೊಸಾ ಚಾಸಿ ತರೋದು."

"ಹೂಂ ಸಾರ್," ಎಂದ ತಿಮ್ಮರಾಜುವಿಗೆ ಸ್ವಲ್ಪ ಬೇಜಾರಾಯಿತು. ಡಿಪ್ಲೊಮಾದಲ್ಲಿ ಇದನ್ನು ಅರ್ಥ ಮಾಡಿಸಲು ಮೇಷ್ಟರು ಒಂದು ವಾರ ತೆಗೆದುಕೊಂಡಿದ್ದರು.

"ನಮ್ದು ಯಾವ್ ಕೇಸು ಅಂತ ನೋಡ್ಕೊಂಡು ಬಾ. ಆಮ್ಯಾಕೆ ಡಬ್ಬ ಬಿಚ್ಚನ," ಎಂದರು ಗೌಡರು. "ಪ್ಯಾಟೇಲಿ ಚಿಕ್ಕಸ್ವಾಮಿ ಅಂತ ಅವ್ನೆ. ಗೂಡಲ್ಲಿ ಕುಂತು ನಾಕು ಸ್ಟ್ಯಾಂಡೂ ನೋಡ್ಕೊತಾನೆ. 'ನನ್ನ ಗೂಡಿಂದ ಬುಟ್ಬುಡಿ, ತಿರ್ಗಾ ಹೇಮಗಿರಿ ಬಸ್ಸಿಗೆ ಕಂಡಕ್ಟ್ರು ಮಾಡಿ' ಅಂತ ನನ್ ಜೀವ ತಿಂತಾವ್ನೆ. ಅವನಿಲ್ದೆ ನಾಕು ಸ್ಟ್ಯಾಂಡೂ ನಡೀತವೆ ಅಂತ ನೀನು ಬರ್ಕೊಟ್ರೆ ಅವತ್ತೇ ಬ್ಯಾಗು ಕೊಡ್ತೀನಿ. ನಡಿಯಕಿಲ್ಲ ಅಂದ್ರೆ ಅಲ್ಲೇ ಇರ್ಲಿ. ಸುಳ್ಳು ಗಿಳ್ಳು ಬರ್ದೀಯ! ಪಾರ್ಸೆಲ್ ತಪ್ಪಿದ್ ದಿನ ನಿನ್ ತಲೆ ಮ್ಯಾಲೇ ಒರ್ಸಿ ಮನೆಮನೆಗೆ ಕಳಿಸ್ತೀನಿ."

ಹೀಗೆ ಒಬ್ಬ ಮನುಷ್ಯನ ಬಾಕಿ ಆಯಸ್ಸು ಬಸ್ಸಿನಲ್ಲಿ ಕಳೆಯಬೇಕೋ ಗೂಡಿನಲ್ಲಿ ಕಳೆಯಬೇಕೋ ಎಂಬುದು, ಬಿ.ಕಾಂ. ಇಂಗ್ಲಿಷನ್ನು ಎರಡನೇ ಸಲಕ್ಕೆ ಪಾಸು ಮಾಡಿದ ತಿಮ್ಮರಾಜುವಿನ ಕೈಗೆ ಬಂತು.

ಕೆ.ಆರ್. ಪೇಟೆಯಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಹೊಂಗೆಮರದ ಕೆಳಗೆ ಆ ತಗಡಿನ ಗೂಡು ಇತ್ತು. ಒಳಗೆ ಒಂದು ಮೇಜು, ಒಂದು ಕರಿ ಫೋನು, ಒಂದು ಕುರ್ಚಿ, ಕುರ್ಚಿಯ ಮೇಲೆ ಬೂರುಗದ ಹತ್ತಿಯ ದಿಂಬು, ದಿಂಬಿನ ಮೇಲೆ ಚಿಕ್ಕಸ್ವಾಮಿ. ವಯಸ್ಸಿನಲ್ಲಿದ್ದಾಗ ಅವನು ಹೇಮಗಿರಿ ಬಸ್ಸಿನ ಕಂಡಕ್ಟರು. ಆಗ ಗೂಡಿನಲ್ಲಿ ಕೂರುತ್ತಿದ್ದ ಏಜೆಂಟು ಬಸ್ಸಿನ ಮೇಲಿಂದ ಮೂಟೆ ಇಳಿಸಲು ಹೋಗಿ ಕಾಲು ಮುರಿದುಕೊಂಡ. "ಎರಡು ದಿನದ ಮಟ್ಟಿಗೆ ನೀನು ಕೂತಿರು," ಎಂದಿದ್ದರು ಗೌಡರು. ಏಜೆಂಟಿನ ಕಾಲು ನೆಟ್ಟಗಾಯಿತು, ಅವನು ಸೈಕಲ್ ಅಂಗಡಿ ಇಟ್ಟ, ಅವನ ಮೊಮ್ಮಕ್ಕಳು ಆ ಸೈಕಲ್ಲು ಹೊಡೆದು ದೊಡ್ಡವರಾದರು. ಚಿಕ್ಕಸ್ವಾಮಿಯ ಎರಡು ದಿನ ಇನ್ನೂ ಮುಗಿದಿರಲಿಲ್ಲ. ಹೆಂಡತಿ ಕುಳ್ಳಮ್ಮ ತನ್ನ ಸೀರೆ ಹಳೆಯದಾದಾಗಲೆಲ್ಲ ಆ ದಿಂಬಿಗೆ ಹೊಸ ಗವಸು ಹೊಲಿದು ಕೊಡುತ್ತಿದ್ದಳು.

ಅವನು ಅಲ್ಲೇ ಉಳಿದದ್ದಕ್ಕೆ ಕಾರಣ ಅವನ ಬಾಯಿ ಮತ್ತು ಕಿವಿ. ಯಾವ ಬಸ್ಸು ಎಲ್ಲಿ ಕೆಟ್ಟಿದೆ, ಯಾರ ಪಂಪ್‌ಸೆಟ್ಟಿನ ಕಾಯಿಲ್ಲು ಯಾವ ಬಸ್ಸಿನಲ್ಲಿದೆ, ಯಾರ ಮದುವೆ ಕಾಗದದ ಕಟ್ಟು ಯಾವ ಸ್ಟ್ಯಾಂಡಿನಲ್ಲಿ ಮಲಗಿದೆ, ಎಲ್ಲ ಅವನ ತಲೆಯಲ್ಲಿ. ನಾಗಮಂಗಲದ ಏಜೆಂಟು ದ್ಯಾವಯ್ಯ ಪಾಂಡವಪುರಕ್ಕೆ ಏನಾದರೂ ತಿಳಿಸಬೇಕಾದರೆ ಪಾಂಡವಪುರಕ್ಕೆ ಫೋನು ಮಾಡುತ್ತಿರಲಿಲ್ಲ. ಪೇಟೆಗೆ ಮಾಡಿ ಚಿಕ್ಕಸ್ವಾಮಿಗೆ ಹೇಳುತ್ತಿದ್ದ, ಚಿಕ್ಕಸ್ವಾಮಿ ಪಾಂಡವಪುರಕ್ಕೆ ಹೇಳುತ್ತಿದ್ದ. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಮನೆಗೆ ಮುಂಬಾಗಿಲಿನಿಂದ ಯಾಕೆ ಬರುತ್ತೀರಿ ಎಂದು ಯಾರಾದರೂ ಕೇಳುತ್ತಾರೆಯೇ?

"ಬಸ್ಸಲ್ಲಿದ್ರೆ ಜನ ಬತ್ತಾರೆ, ಓಯ್ತಾರೆ. ಗೂಡಲ್ಲಿ ಬರೀ ಬತ್ತಾರೆ ಕಣ್ಲಾ," ಎಂದು ಚಿಕ್ಕಸ್ವಾಮಿ ಮೊದಲ ದಿನವೇ ತಿಮ್ಮರಾಜುವಿನ ಕೈಗೆ ಒಂದು ಬೊಗಸೆ ಕಡಲೆಕಾಯಿ ತುಂಬಿ ಹೇಳಿದ. "ಸಂಜೆ ಬಸ್ಸು ಹೊಳೆ ದಂಡೆಗೆ ಇಳಿಯೋವಾಗ ಬಾಗ್ಲಲ್ಲಿ ನಿಂತ್ಕೊಂಡ್ರೆ ಒಂದ್ ಗಾಳಿ ಬತ್ತದೆ ನೋಡು... ಇಲ್ಲಿ ಫ್ಯಾನು ಹಾಕುದ್ರೆ ಬರೀ ಸದ್ದು ಬತ್ತದೆ. ನಂದೆಲ್ಲಾ ನಿನ್ ಕೈಲಿ ಅದೆ ಮಗ. ಬೇಗ ಕೇಳು, ಬೇಗ ಬರಿ."

ತಿಮ್ಮರಾಜು ಹೊಸ ಪೆನ್ನಿನ ಮುಚ್ಚಳ ತೆಗೆದ. "ಬೆಳಗ್ಗೆ ಬಂದು ಮೊದಲು ಏನ್ ಮಾಡ್ತೀರಾ ಚಿಕ್ಕಸ್ವಾಮಣ್ಣ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಬಾಗ್ಲು ತಗೀತೀನಿ. ಫೋನು ಬತ್ತದೆ, ಎತ್ತೀನಿ. ಬಸ್ಸು ಬತ್ತದೆ, ಓಯ್ತದೆ. ನಾನು ಬತ್ತದೆ ಅಂದ್ರೂ ಬತ್ತದೆ, ಅನ್ನದಿದ್ರೂ ಬತ್ತದೆ. ಬರ್ಕೊ, ಏನೂ ಕೆಲ್ಸಿಲ್ಲ." ಇಷ್ಟು ಹೇಳುವುದರೊಳಗೆ ಅವನು ಕತ್ತು ಹೊರಗೆ ಹಾಕಿ ಕೂಗಿದ: "ಲೇ ತಮ್ಮಯ್ಯ! ನಾಗಮಂಗಲದ ಗಾಡಿ ವಸಿ ನಿಲ್ಸ್ಕೊಳ್ಳಾ! ಕಿಕ್ಕೇರಿ ಬಸ್ಸಲ್ಲಿ ಒಬ್ಳು ಬಾಣಂತಿ ಬತ್ತಾವ್ಳೆ, ಮುಂದಿನ್ ಸೀಟ್ ಬುಡ್ಸು!"

"ಇದನ್ನ ಬರ್ಕೊಳ್ಳಾ?"

"ಇದೇನ್ ಕೆಲ್ಸಾನಾ? ಬಾಯಿ ಚಪಲ. ಬರೀಬ್ಯಾಡ."

ಕೆಲಸ ಕಳೆದುಕೊಳ್ಳುವ ಭಯದಿಂದ ಸುಳ್ಳು ಹೇಳುವವರ ಬಗ್ಗೆ ಮೇಷ್ಟರು ಎಚ್ಚರಿಸಿದ್ದರು. ಕೆಲಸ ಕಳೆದುಕೊಳ್ಳುವ ಆಸೆಯಿಂದ ಸುಳ್ಳು ಹೇಳುವವರ ಬಗ್ಗೆ ಅವರ ಟಿಪ್ಪಣಿಯಲ್ಲಿ ಒಂದು ಸಾಲೂ ಇರಲಿಲ್ಲ.

ಬಾಯಲ್ಲಿ ಕೇಳಿದ್ದು ಆಗಲಿಲ್ಲವೆಂದು ತಿಮ್ಮರಾಜು ಪ್ರಶ್ನೆಪಟ್ಟಿಗೆ ಇಳಿದ. ಟೈಪು ಮಾಡಿಸಿ, ಜೆರಾಕ್ಸ್ ಮಾಡಿಸಿ, ಉಳಿದ ಮೂರು ಸ್ಟ್ಯಾಂಡಿನ ಏಜೆಂಟರಿಗೆ ಬಸ್ಸಿನಲ್ಲಿ ಕಳಿಸಿದ. ಎರಡೇ ದಿನಕ್ಕೆ ಮೂರೂ ಭರ್ತಿಯಾಗಿ ಬಂದವು. ಎಲ್ಲ ಪ್ರಶ್ನೆಗೂ 'ಯಾವ ತೊಂದರೆಯೂ ಇಲ್ಲ' ಎಂಬ ಉತ್ತರ, ಮೂರರಲ್ಲೂ ಒಂದೇ ಕೈಬರಹ. ಏಜೆಂಟರು ಪಟ್ಟಿಯನ್ನು ನೋಡಿ, ಇದೇನೋ ಆಫೀಸಿನ ವಿಚಾರ, ಚಿಕ್ಕಸ್ವಾಮಿಗೇ ಗೊತ್ತಿರುತ್ತದೆ ಎಂದು ಅದೇ ಬಸ್ಸಿನಲ್ಲಿ ಅವನಿಗೇ ಕಳಿಸಿದ್ದರು.

ಕೊನೆಗೆ ಕೂತು ನೋಡುವ ವಿಧಾನ. ತಿಮ್ಮರಾಜು ಗೂಡಿನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡ. ಮಾರನೆಯ ದಿನ ಚಿಕ್ಕಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ಮದುವೆ ಗಂಡಿನ ಅಪ್ಪನಂತೆ ಬಂದು ಕೂತ. ಬಸ್ಸುಗಳೆಲ್ಲ ಬೋರ್ಡಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಹೊರಟವು. ಇದರಿಂದ ದೊಡ್ಡ ಗಲಾಟೆಯೇ ಆಯಿತು. ಮಂಜುಳಾ ಬಸ್ಸು ಯಾವತ್ತೂ ತಡ ಎಂದು ನಂಬಿಕೊಂಡು ಮನೆಯಲ್ಲಿ ಮುದ್ದೆ ಮುಗಿಸಿ ಬಂದ ಜನರಿಗೆ ಬಸ್ಸಿನ ಹೊಗೆ ಮಾತ್ರ ಸಿಕ್ಕಿತು.

"ಏನಾಗದಯ್ಯ ನಿಂಗೆ ಚಿಕ್ಕಸ್ವಾಮಿ? ಮೈಗೆ ಹುಸಾರಿಲ್ವಾ? ಟೈಮಿಗ್ ಸರ್ಯಾಗಿ ಬಸ್ ಬುಟ್ಟಿದೀಯಲ್ಲ!" ಎಂದು ಹೆಂಗಸರು ಗೂಡಿನ ತಗಡು ಬಡಿದರು.

ಇಷ್ಟಾದರೂ ತಿಮ್ಮರಾಜುವಿನ ಕಣ್ಣಿಗೆ ಒಂದು ವಿಷಯ ಕಂಡೇ ಕಂಡಿತ್ತು. ಗೂಡಿನ ಫೋನು ನಿಮಿಷ ಬಿಡದೆ ಬಡಿದುಕೊಳ್ಳುತ್ತಿತ್ತು. ಚಿಕ್ಕಸ್ವಾಮಿ ಊಟಕ್ಕೆ ಎದ್ದರೆ ನಾಲ್ಕು ತಾಲೂಕೂ ಉಪವಾಸ ಬೀಳುತ್ತಿತ್ತು. ನಿಯತ್ತಾಗಿ ಬರೆದರೆ 'ಇವನಿಲ್ಲದೆ ನಡೆಯುವುದಿಲ್ಲ' ಎಂದೇ ಬರೆಯಬೇಕು. ಹಾಗೆ ಬರೆದರೆ ಈ ಮನುಷ್ಯ ದಿಂಬಿನ ಮೇಲೇ ಮುದುಕನಾಗುತ್ತಾನೆ. ಇದನ್ನೆಲ್ಲ ಯೋಚಿಸುವಾಗ ಬಾಯಲ್ಲಿ ಅವನೇ ಕೊಟ್ಟ ಕಡಲೆಕಾಯಿ ಬೇರೆ ಇರುತ್ತಿತ್ತು.

ಆಗ ತಿಮ್ಮರಾಜುವಿಗೆ ತನ್ನ ಸೋದರಮಾವ ನೆನಪಾದರು. ಅವರ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯನ್ನು ವಿಚಾರಿಸಲು ಹೋಗುವವರು ಅವರೇ. ಗಂಡಿನ ಮನೆಗೆ ಮಾತ್ರ ಅವರು ಹೋಗುತ್ತಿರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ, ಕ್ಷೌರದಂಗಡಿಯಲ್ಲಿ, ಪಕ್ಕದ ಗದ್ದೆಯ ಬದುವಿನಲ್ಲಿ ಕೂತು, ಮಳೆ ಬೆಳೆ ಮಾತಾಡುತ್ತ ಮನೆಯ ತಳಪಾಯದವರೆಗೂ ತಿಳಿದುಕೊಂಡು ಬರುತ್ತಿದ್ದರು. ನೇರ ಕೇಳಿದರೆ ಸಿಗದ್ದು ಅಡ್ಡ ಕೇಳಿದರೆ ಸಿಗುತ್ತದೆ! ಪುಸ್ತಕ ಬರೆದವರು ಬಿಟ್ಟುಹೋದ ಒಂದು ವಿಧಾನವನ್ನು ತಾನು ಕಂಡುಹಿಡಿದೆನೆಂದು ತಿಮ್ಮರಾಜು ಎದೆಯುಬ್ಬಿಸಿಕೊಂಡು, ಹೊಂಗೆಮರದ ಆಚೆ ಬದಿಯಲ್ಲಿ ಹೂ ಕಟ್ಟುತ್ತಿದ್ದ ಬೆಟ್ಟಮ್ಮನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತ.

"ಮಳೆ ಬರಂಗದೆ ಅಲ್ವಾ ಬೆಟ್ಟಮ್ಮ," ಎಂದು ಮಾವನ ಶೈಲಿಯಲ್ಲೇ ಶುರು ಮಾಡಿ, ಧ್ವನಿ ತಗ್ಗಿಸಿದ. "ಚಿಕ್ಕಸ್ವಾಮಣ್ಣ ಆಳು ಎಂಗೆ?"

ಬೆಟ್ಟಮ್ಮನ ಕೈಯಲ್ಲಿದ್ದ ಕನಕಾಂಬರ ನಿಂತಿತು. "ಯಾಕಪ್ಪ?"

"ಸುಮ್ನೆ."

ಆ ಸೀಮೆಯಲ್ಲಿ ಹೊರ ಊರಿನ ಗಂಡಸೊಬ್ಬ, ಮದುವೆಯಾಗದ ಮಗನಿರುವ ಗಂಡಸಿನ ಬಗ್ಗೆ ಧ್ವನಿ ತಗ್ಗಿಸಿ ಕೇಳಿ, ಯಾಕೆ ಎಂದಾಗ 'ಸುಮ್ನೆ' ಎಂದರೆ ಅದಕ್ಕೆ ಒಂದೇ ಅರ್ಥ. ಬೆಟ್ಟಮ್ಮನ ಮುಖ ಅರಳಿತು.

"ದೇವ್ರಂತ ಮನ್ಸ ಕನಪ್ಪ. ಕುಡಿಯಕಿಲ್ಲ, ಇಸ್ಪೀಟಿಲ್ಲ. ಕೂಗಾಡ್ತಾರೆ, ಆಮ್ಯಾಕೆ ಅವರೇ ಬಂದು ಮಾತಾಡುಸ್ತಾರೆ."

"ಅವರಿಲ್ದೆ ಇದ್ರೆ ಎಂಗೆ ನಡೀತದೆ?"

"ಅವರಿಲ್ದಿದ್ರೇನು, ಮಗ ಇಲ್ವಾ? ಸಂತೋಷ. ಡೈರೀಲಿ ಹಾಲು ಪರೀಕ್ಷೆ ಮಾಡೋ ಕೆಲ್ಸ. ತಗ್ಸಿದ್ ತಲೆ ಎತ್ತಕಿಲ್ಲ, ಅಂತಾ ಹುಡ್ಗ."

ತಿಮ್ಮರಾಜುವಿಗೆ ಸ್ವಲ್ಪ ಗೊಂದಲವಾಯಿತು. ಆದರೂ ಮರೆಯಬಾರದೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ: ಬದಲಿ ವ್ಯವಸ್ಥೆ, ಮಗ ಸಂತೋಷ, ಹಾಲಿನಲ್ಲಿ ಅನುಭವ.

"ಕುಳ್ಳಮ್ಮನ ಬಾಯಿ ವಸಿ ಜೋರು. ಆದ್ರೆ ಬಂದ್ ಹೆಣ್ ಮಕ್ಳುನ್ನ ಚೆನ್ನಾಗಿ ನೋಡ್ಕೊತಾಳೆ. ಅದ್ರಲ್ಲಿ ಎರಡ್ ಮಾತಿಲ್ಲ."

ಪಾರ್ಸೆಲ್ ಬಿಡಿಸಿಕೊಳ್ಳಲು ಬರುವ ಹೆಂಗಸರಿಗೆ ಕುಳ್ಳಮ್ಮ ಯಾಕೆ ಉಪಚಾರ ಮಾಡುತ್ತಾಳೆಂದು ತಿಮ್ಮರಾಜು ಆಲೋಚಿಸುತ್ತಿರುವಾಗ ಬೆಟ್ಟಮ್ಮ ಕೇಳಿದಳು, "ನಿನ್ ಬೆನ್ನಿಗೆ ಹೆಣ್ ಮಕ್ಳು ಎಷ್ಟಪ್ಪ?"

"ಒಬ್ಳು ತಂಗಿ. ಅರ್ಪಿತ. ಟೀಚರ್ ಟ್ರೈನಿಂಗು, ಟಿ.ಸಿ.ಎಚ್. ಮುಗ್ಸವ್ಳೆ."

"ಆಯ್ತು ಬುಡು," ಎಂದ ಬೆಟ್ಟಮ್ಮ ಒಂದು ಮಾರು ಕನಕಾಂಬರ ಕಿತ್ತು ಬಾಳೆಲೆಯಲ್ಲಿ ಸುತ್ತಿದಳು. "ತಕ್ಕೊಂಡೋಗು. ಕಾಸ್ ಬ್ಯಾಡ."

ವಿಧಾನ ಎಷ್ಟು ಚೆನ್ನಾಗಿದೆಯೆಂದರೆ ಉತ್ತರದ ಜೊತೆ ಹೂವನ್ನೂ ಕೊಡುತ್ತಾರೆ ಎಂದುಕೊಂಡ ತಿಮ್ಮರಾಜು ಅದೇ ಹುರುಪಿನಲ್ಲಿ ಕಂಡಕ್ಟರ್ ತಮ್ಮಯ್ಯನನ್ನೂ, ಬಾಳೆಹಣ್ಣಿನ ಗಾಡಿಯವನನ್ನೂ ಹೀಗೇ ಧ್ವನಿ ತಗ್ಗಿಸಿ ಕೇಳಿದ. ಎಲ್ಲರೂ ಚಿಕ್ಕಸ್ವಾಮಿಯನ್ನು ಹೊಗಳಿದರು. ಎಲ್ಲರೂ ಸಂತೋಷನ ಬಣ್ಣ, ಎತ್ತರ ಹೇಳಿದರು.

ಸಂಜೆ ನೇರ ಬಸ್ಸು ಹತ್ತಿ ಪಾಂಡವಪುರದಲ್ಲಿ ಇಳಿದು, ಪಕ್ಕದ ಹಳ್ಳಿಯ ತನ್ನ ಮನೆಗೆ ಬಂದರೆ, ಅವ್ವ ಪುಟ್ಟತಾಯಮ್ಮ ಹೊಸ್ತಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬಾರಪ್ಪ, ಮನೆ ಯಜಮಾನ! ಎತ್ತಿರೋ ಅವ್ವ ಇನ್ನೂ ಬದುಕವ್ಳೆ. ನಂಗೊಂದ್ ಮಾತು ಕೇಳ್ದೆ ತಂಗಿಗೆ ಗಂಡು ನೋಡೋಕೋಗಿದ್ದಾ?"

"ಯಾವ್ ಗಂಡವ್ವ?"

"ಪ್ಯಾಟೆ ಚಿಕ್ಕಸ್ವಾಮಿ ಮಗ! ಡೈರೀಲಿ ಮೇನೇಜರಂತೆ."

"ಮೇನೇಜರ್ ಅಲ್ಲ, ಹಾಲು ಪರೀಕ್ಷೆ ಮಾಡೋನು," ಎಂದು ತಿಮ್ಮರಾಜು ಬಾಯಿ ತಪ್ಪಿ ತಿದ್ದಿದ.

"ನೋಡು, ನೋಡು! ಎಲ್ಲಾ ಗೊತ್ತದೆ ಇವ್ನಿಗೆ!"

ಒಳಗಿನಿಂದ ಅರ್ಪಿತ ಬಂದು ಅವನ ಕೈಯಲ್ಲಿದ್ದ ಬಾಳೆಲೆಯ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಹೂವೂ ಬಂದದೆ. ಅಣ್ಣಯ್ಯ, ನಿಂಗೆ ಕೊಟ್ಟಿರೋದು ಕಂಪ್ಯೂಟರ್ ಕೆಲ್ಸಾನಾ, ಮದ್ವೆ ದಲ್ಲಾಳಿ ಕೆಲ್ಸಾನಾ? ಎರಡ್ನೇದಾದ್ರೆ ಮೊದ್ಲು ನಿಂದು ನೋಡ್ಕೊ, ನೀನು ದೊಡ್ಡೋನು."

ಪಾಂಡವಪುರಕ್ಕೆ ಹೋಗಿದ್ದ ಚಿಕ್ಕವ್ವನಿಗೆ ಅಲ್ಲಿನ ಸ್ಟ್ಯಾಂಡಿನ ಏಜೆಂಟು ಹೇಳಿದನಂತೆ. ತಿಮ್ಮರಾಜು ತಲೆ ಚಚ್ಚಿಕೊಂಡ, ಆಣೆ ಮಾಡಿದ, ಇದು ಅನಾಲಿಸಿಸ್ ಎಂದು ವಿವರಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋತು ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಾಗ, ಅವನ ಆರು ತಿಂಗಳ ವಿದ್ಯೆ ಮೊದಲ ಬಾರಿಗೆ ಮೈ ಮುರಿದು ಎದ್ದಿತು. ನಾನು ಬಂದದ್ದು ನೇರ ಬಸ್ಸು. ನನಗಿಂತ ಮುಂಚೆ ಬಂದಿದೆ ಎಂದರೆ ಸುದ್ದಿ ಫೋನಿನಲ್ಲೇ ಬಂದಿರಬೇಕು. ಆದರೆ ಫೋನೆಲ್ಲ ಚಿಕ್ಕಸ್ವಾಮಿಯ ಮೂಲಕ ಅಲ್ಲವೇ ಹೋಗುವುದು? ಚಿಕ್ಕಸ್ವಾಮಿ ಇವತ್ತು ಸಂಜೆಯೂ ಏನೂ ತಿಳಿಯದವನಂತೆ ಕಡಲೆಕಾಯಿ ಕೊಟ್ಟು ಕಳಿಸಿದನಲ್ಲ? ಹಾಗಾದರೆ ಇದು ಯಾವ ದಾರಿಯಲ್ಲಿ ಬಂತು?

ಅವನು ಮುಂದಿನ ನಾಲ್ಕೈದು ದಿನ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಸುದ್ದಿಯನ್ನು ಹಿಂದಕ್ಕೆ ಹುಡುಕಿಕೊಂಡು ಅಲೆದ. ಈ ಸಲ ಬಸ್ಸು, ಪಾರ್ಸೆಲ್ಲು, ಪದ್ಧತಿ ಯಾವುದನ್ನೂ ಕೇಳಲಿಲ್ಲ. "ನನ್ ತಂಗಿ ವಿಷ್ಯ ನಿಮ್ಗೆ ಯೋಳಿದ್ಯಾರು?" ಎಂದಷ್ಟೇ ಕೇಳಿದ. ಪ್ರಶ್ನೆಪಟ್ಟಿಗೆ ಬಾರದ ನಿಖರತೆ ಈ ಪ್ರಶ್ನೆಗೆ ಬಂತು. ತಪ್ಪು ತಮ್ಮ ಮೇಲೆ ಬಾರದಿರಲೆಂದು ಪ್ರತಿಯೊಬ್ಬರೂ ಹೇಳಿದವರ ಹೆಸರು, ನಿಂತಿದ್ದ ಜಾಗ, ಆಗ ಹೊರಟಿದ್ದ ಬಸ್ಸು ಎಲ್ಲವನ್ನೂ ಕೊಟ್ಟರು. ಬೆಟ್ಟಮ್ಮ ತಮ್ಮಯ್ಯನಿಗೆ ಹೇಳಿದ್ದಳು. ತಮ್ಮಯ್ಯ ನಾಗಮಂಗಲದಲ್ಲಿ ದ್ಯಾವಯ್ಯನಿಗೆ ಹೇಳಿದ್ದ. ದ್ಯಾವಯ್ಯ ತನ್ನ ಏಜೆಂಟುಗಿರಿಯಲ್ಲೇ ಮೊದಲ ಬಾರಿಗೆ ನೇರವಾಗಿ ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ಫೋನು ತಿರುಗಿಸಿದ್ದ.

"ಮತ್ತೆ ಪ್ಯಾಟೆಗ್ ಮಾಡಕ್ಕಾಯ್ತದಾ?" ಎಂದ ದ್ಯಾವಯ್ಯ. "ಇಚಾರ್ಣೆ ಹಣ್ಣಾಗೋಗಂಟ ಗಂಡಿನ್ ಅಪ್ಪನ್ ಕಿವಿಗೆ ಬೀಳ್ಬಾರ್ದು. ನಾಳೆ ಮುರುದ್ಬಿದ್ರೆ, ಯಾಕ್ ಮುರೀತು ಅಂತ ಊರ್ ತುಂಬಾ ಕೇಳ್ತಾರೆ, ಹುಡ್ಗಂಗೆ ಕೆಟ್ಟೆಸ್ರು. ನನ್ ಬಾಯಿ ಬೇರೆ ಸರಿಯಿಲ್ಲ, ಪಾರ್ಸೆಲ್ ಮಾತಾಡ್ತಾ ಅಂದ್ಬುಟ್ರೆ? ಅದುಕ್ಕೆ ಅವತ್ತಿಂದ ಚಿಕ್ಕಸ್ವಾಮಿಗೆ ಫೋನೇ ಮಾಡ್ತಿಲ್ಲ."

"ಮತ್ತೆ ಬಸ್ಸಿನ್ ವಿಷ್ಯ?"

"ನಾವ್ನಾವೇ ಮಾತಾಡ್ಕೊತಿದೀವಿ. ಮೊನ್ನೆ ಬೆಳ್ಳೂರು ಕ್ರಾಸ್ ತಾವ ಆಕ್ಸಲ್ ಮುರೀತಲ್ಲ, ನಾನೇ ಪಾಂಡವಪುರಕ್ಕೇಳಿ ಬೇರೆ ಗಾಡಿ ತರುಸ್ದೆ. ಹೊಸ ಆಕ್ಸಲ್ ಶ್ರೀರಂಗಪಟ್ಣದಿಂದ ತಮ್ಮಯ್ಯ ತಂದ. ಡಾಕ್ಟ್ರ ಔಸ್ದಿ ಡಬ್ಬಾನೂ ಆ ಬೇರೆ ಗಾಡೀಲೇ ಓಯ್ತು." ದ್ಯಾವಯ್ಯ ತನ್ನ ಬಲಗೈ ನೋಡಿಕೊಂಡ. "ಆದ್ರೂ ಈ ಕೈ ಸುಮ್ನಿರಕಿಲ್ಲ ಕನಪ್ಪ. ಎರಡ್ ಸಲ ತಾನೇ ಪ್ಯಾಟೆ ನಂಬರ್ ತಿರುಗುಸ್ಬುಡ್ತು. ಗಾಬ್ರಿ ಬಿದ್ದು ಇಟ್ಬುಟ್ಟೆ."

ತಿಮ್ಮರಾಜು ಕೇಳುತ್ತ ಕೇಳುತ್ತ ಅಲ್ಲೇ ಬೆಂಚಿನ ಮೇಲೆ ಕೂತ. ತಾನು ಮಾಡಿದ ದಡ್ಡತನದಿಂದಾಗಿ ಇಡೀ ನಾಲ್ಕು ತಾಲೂಕು ಗೌಡರು ಕೇಳಿದ್ದ ಪ್ರಶ್ನೆಗೆ ಉತ್ತರ ಕೊಟ್ಟು ಕೂತಿತ್ತು. ಚಿಕ್ಕಸ್ವಾಮಿಯಿಲ್ಲದೆ ನಡೆಯುತ್ತದೆಯೇ ಎಂದು ಬಾಯಲ್ಲಿ ಕೇಳಿದ್ದ, ಕಾಗದದಲ್ಲಿ ಕೇಳಿದ್ದ, ಸ್ಟೂಲು ಹಾಕಿಕೊಂಡು ನೋಡಿದ್ದ. ಚಿಕ್ಕಸ್ವಾಮಿಗೆ ಹೇಳಬಾರದ ಒಂದು ಸುದ್ದಿ ಹುಟ್ಟುವವರೆಗೆ ಅದು ತಿಳಿಯುವಂತಿರಲಿಲ್ಲ.

ಪೇಟೆಗೆ ಬಂದರೆ ಗೂಡಿನಲ್ಲಿ ಚಿಕ್ಕಸ್ವಾಮಿ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಗುಂಯ್ ಎನ್ನುತ್ತಿದೆಯೇ ಎಂದು ಕೇಳುತ್ತಿದ್ದ. ಇಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದ.

"ಲೇ ತಿಮ್ಮ, ನಿಜ ಯೋಳು. ಕಂಪ್ಯೂಟ್ರು ಬಿಚ್ಬುಟ್ರಾ?"

"ಇಲ್ಲಣ್ಣ. ಇನ್ನೂ ಡಬ್ಬದಲ್ಲೇ ಅದೆ."

"ಮತ್ಯಾಕ್ಲಾ ಫೋನೇ ಬರ್ತಿಲ್ಲ? ಬೆಳ್ಳೂರು ಕ್ರಾಸಲ್ಲಿ ಆಕ್ಸಲ್ ಮುರುದ್ರೆ ನಂಗೆ ಯೋಳೋನು ಯಾರು? ಪೇಪರ್ ಹಾಕೋನು! ನಮ್ ಬಸ್ ಸುದ್ದೀನ ನಂಗೆ ಪೇಪರ್ ಹಾಕೋನು ಯೋಳ್ತಾನೆ!" ಗೂಡು ಬಿಟ್ಟು ಹೋಗಲು ದಿನವೂ ಹರಕೆ ಹೊರುತ್ತಿದ್ದ ಮನುಷ್ಯನ ಮುಖ, ಗೂಡೇ ತನ್ನನ್ನು ಬಿಟ್ಟಿತೇನೋ ಎಂಬಂತೆ ಬಾಡಿತ್ತು. ಆಚೆ ಬದಿಯಲ್ಲಿ ಬೆಟ್ಟಮ್ಮ ತಲೆ ಎತ್ತದೆ ಹೂ ಕಟ್ಟುತ್ತಿದ್ದಳು.

ವರದಿ ಕೇಳಲು ನಿಂಗೇಗೌಡರು ಜೀಪಿನಲ್ಲಿ ಪೇಟೆಗೇ ಬಂದರು. ಗೂಡಿನ ಮುಂದೆ ನಿಂತು, ಚಿಕ್ಕಸ್ವಾಮಿಯ ಎದುರಿಗೇ ಕೇಳಿದರು, "ಏನ್ಲಾ, ಪೇಂಟಾ, ಇಂಜಿನ್ನಾ, ಗುಜರಿಯಾ?"

ತಿಮ್ಮರಾಜು ಗಂಟಲು ಸರಿಮಾಡಿಕೊಂಡ. "ಇದ್ದಂಗೇ ಹಾಕೋಕಾಗಲ್ಲ ಸಾರ್. ಹಾಕ್ಬೇಕು ಅಂದ್ರೆ ಚಿಕ್ಕಸ್ವಾಮಣ್ಣನ್ನೇ ಡಬ್ಬದೊಳಗೆ ಕೂರಿಸ್ಬೇಕು. ಗುಜರಿನೂ ಬ್ಯಾಡ. ಇಂಜಿನ್ ಕೆಲ್ಸ. ಎಲ್ಲಾ ಸುದ್ದೀನೂ ಈ ಗೂಡಿಗೆ ಬಂದೇ ಹೋಗ್ಬೇಕಾಗಿಲ್ಲ. ಬಸ್ಸಿನ್ ವಿಷ್ಯ ಸ್ಟ್ಯಾಂಡುಗಳು ನೇರ ಮಾತಾಡ್ಕೊಳ್ಲಿ. ಪಾರ್ಸೆಲ್ ಎಲ್ಲೆಲ್ಲಿ ಅದೆ ಅನ್ನೋದು ಮಾತ್ರ ಕಂಪ್ಯೂಟರಿಗೆ ಹಾಕನ."

"ನಡೀತದೇನ್ಲಾ?"

"ಈ ವಾರ ನಡೀತು ಸಾರ್."

"ನಿಂಗೆಂಗೊತ್ತು?"

ಇನ್ನು ದಾರಿ ಇರಲಿಲ್ಲ. ಕನಕಾಂಬರದಿಂದ ಹಿಡಿದು ಆಕ್ಸಲ್‌ವರೆಗೆ ಎಲ್ಲವನ್ನೂ, ನೆಲ ನೋಡಿಕೊಂಡು, ತಿಮ್ಮರಾಜು ಹೇಳಿಬಿಟ್ಟ. ಗೌಡರು ಜೀಪಿನ ಬಾನೆಟ್ಟಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಚಿಕ್ಕಸ್ವಾಮಿ ನಗಲಿಲ್ಲ.

"ನನ್ ಮಗನ್ ವಿಷ್ಯ," ಎಂದ ನಿಧಾನವಾಗಿ. "ನಾಕು ತಾಲೂಕ್ಗೂ ಗೊತ್ತು. ನಂಗೊಬ್ನಿಗ್ ಗೊತ್ತಿಲ್ಲ."

ಅವನು ದಿಂಬನ್ನು ಸರಿಪಡಿಸಿಕೊಂಡು ತಿಮ್ಮರಾಜುವಿನ ಕಡೆ ತಿರುಗಿದ.

"ಡಾಕ್ಟ್ರ ಔಸ್ದಿ ಓಯ್ತಾ?"

"ಓಯ್ತಣ್ಣ."

"ಆ ಬಸ್ಸಲ್ಲಿ ಒಂದ್ ಟ್ರಾಕ್ಟ್ರು ಟೈರಿತ್ತು."

"ಅದೂ ಓಯ್ತು."

ಚಿಕ್ಕಸ್ವಾಮಿ ಫೋನಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. ಅಲ್ಲಿ ಧೂಳೇನೂ ಇರಲಿಲ್ಲ. "ಒಬ್ರೂ... ಒಂದ್ಸಲಾನೂ ನನ್ನ ಕೇಳ್ನಿಲ್ವಾ?"

"ದ್ಯಾವಯ್ಯನ ಕೈ ಎರಡ್ ಸಲ ತಾನೇ ನಿಮ್ ನಂಬರ್ ತಿರುಗುಸ್ತಂತೆ," ಎಂದ ತಿಮ್ಮರಾಜು. "ಗಾಬ್ರಿ ಬಿದ್ದು ಇಟ್ಬುಟ್ನಂತೆ."

"ತಿರುಗುಸ್ತಾ?" ಚಿಕ್ಕಸ್ವಾಮಿಯ ಹುಬ್ಬು ಒಂದು ಸ್ವಲ್ಪ ಸಡಿಲಾಯಿತು. "ತಿರುಗುಸ್ದೆ ಇರ್ತದಾ. ಎಷ್ಟ್ ವರ್ಸದ್ ಕೈ ಅದು. ಬುಡು ಮತ್ತೆ."

ಗೌಡರು ಜೀಪಿನ ಹಿಂದಿನ ಸೀಟಿನಿಂದ ಕಂಡಕ್ಟರಿನ ಚರ್ಮದ ಬ್ಯಾಗು ತೆಗೆದು ಮೇಜಿನ ಮೇಲಿಟ್ಟರು. ಮಾತಿಗೆ ತಪ್ಪುವವರಲ್ಲ. ಹಾಗೆಯೇ ಮಾತು ಮುಗಿಸದೆ ಹೋಗುವವರೂ ಅಲ್ಲ. ಜೀಪು ಹತ್ತುವಾಗ ತಿರುಗಿ ಹೇಳಿದರು, "ಕಂಪ್ಯೂಟ್ರು ಬಿಚ್ಚಿ ಕೂರ್ಸೋಗಂಟ ಇಲ್ಲಿ ಯಾರಾನ ಇರ್ಬೇಕಲ್ಲ. ತಿಮ್ಮರಾಜು, ಎರಡು ದಿನದ ಮಟ್ಟಿಗೆ ನೀನೇ ಕೂತಿರಪ್ಪ."

ಮಾರನೆಯ ಬೆಳಿಗ್ಗೆ ಹೇಮಗಿರಿ ಬಸ್ಸಿನ ಬಾಗಿಲಲ್ಲಿ ಚಿಕ್ಕಸ್ವಾಮಿ ನಿಂತಿದ್ದ. ಹಳೇ ಖಾಕಿ ಅಂಗಿಯ ಹೊಟ್ಟೆಯ ಗುಂಡಿ ಕೂರಲಿಲ್ಲವೆಂದು ಪಿನ್ನು ಹಾಕಿಕೊಂಡಿದ್ದ. ಒಳಗಿನ ಹೆಂಗಸರು ಆಗಲೇ ಅವನನ್ನು ಮಾತಿಗೆಳೆದಿದ್ದರು. ಬಾಯಲ್ಲಿ ಸೀಟಿಯಿಟ್ಟು ಊದಿದವನು, ಬಸ್ಸು ಎರಡು ಗಾಲಿ ಉರುಳುವುದರೊಳಗೆ ಕಂಬಿ ಹಿಡಿದು ನೇತಾಡುತ್ತ ಗೂಡಿನ ಕಡೆ ಕೂಗಿದ.

"ಲೇ ತಿಮ್ಮ! ನಿನ್ ತಂಗೀದು ಟಿ.ಸಿ.ಎಚ್.ಅಲ್ಲಿ ಫಸ್ಟ್ ಕ್ಲಾಸಾ?"

"ಯಾಕಣ್ಣ?"

"ಸುಮ್ನೆ!"

ಬೆಟ್ಟಮ್ಮನ ಕೈಯಲ್ಲಿ ಕನಕಾಂಬರ ನಿಂತಿತು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಗೂಡಿನ ಕುರ್ಚಿಯ ಮೇಲೆ ದಿಂಬು ಹಾಗೇ ಇತ್ತು, ಕುಳ್ಳಮ್ಮ ಮೊನ್ನೆಯಷ್ಟೇ ಹೊಲಿದ ಹಸಿರು ಗವಸಿನ ಸಮೇತ. ಎರಡು ದಿನಕ್ಕೆ ಇದೆಲ್ಲ ಯಾಕೆ ಎಂದು ತಿಮ್ಮರಾಜು ಅದನ್ನು ತೆಗೆದು ಪಕ್ಕದ ಸ್ಟೂಲಿನ ಮೇಲಿಟ್ಟು ಬರೀ ಹಲಗೆಯ ಮೇಲೆ ಕೂತ. ಫೋನು ಬಡಿದುಕೊಂಡಿತು, ಎತ್ತಿದ. ಮತ್ತೆ ಬಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಒಂದು ಕೈಯಲ್ಲಿ ರಿಸೀವರ್ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಆ ದಿಂಬನ್ನು ಮೆಲ್ಲಗೆ ಎಳೆದುಕೊಂಡ.